ಎರಡು ಅಕ್ಷರಗಳ ನಡುವಿನ ಗೆರೆ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಕೊಟ್ಟ ಉಪನ್ಯಾಸ ಇದು. ಹೇಳಿದ ಕ್ರಮವನ್ನೇ ಹೆಚ್ಚುಕಡಿಮೆ ಉಳಿಸಿಕೊಂಡಿದ್ದೇನೆ. ಅಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಲಗೆಯ ಮೇಲೆ ಒಂದು 'ಸಿ' ಬರೆದಿದ್ದೇನೆ. ಪಕ್ಕದಲ್ಲಿ ಇನ್ನೊಂದು 'ಸಿ'. ಎರಡರ ನಡುವೆ ಒಂದು ಸಣ್ಣ ಗೆರೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ಈ ಗೆರೆಯನ್ನು ಸಾವಿರ ಸಲ ಎಳೆದಿರುತ್ತೀರಿ. ಒಂದು ಗೆರೆ ಬಿಟ್ಟುಹೋಗಿ ಮಾರ್ಕ್ಸ್ ಕಳೆದುಕೊಂಡಿರುತ್ತೀರಿ. ನಾನೂ ಪಾಠ ಮಾಡುವಾಗ ವರ್ಷಗಟ್ಟಲೆ ಇದನ್ನು ಎಳೆದಿದ್ದೇನೆ. ಆದರೆ ಇದನ್ನು ಮೊದಲು ಎಳೆದವರು ಯಾರು ಅಂತ ನನಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ. ನಾನೂ ಬಹಳ ವರ್ಷ ಮಕ್ಕಳಿಗೆ ಹೇಳಲಿಲ್ಲ. ಆ ಬಾಕಿ ತೀರಿಸೋಣ ಅಂತ ಇವತ್ತು ಬಂದಿದ್ದೇನೆ.

'ಸಿ' ಅಂದರೆ ಕಾರ್ಬನ್. ಈ ಗೆರೆಯ ಅರ್ಥ ಇಷ್ಟೆ: ಈ ಕಾರ್ಬನ್ ಪರಮಾಣು ಆ ಕಾರ್ಬನ್ ಪರಮಾಣುವಿನ ಕೈ ಹಿಡಿದಿದೆ. ಇಷ್ಟು ಹೇಳಲು ಸುಮಾರು 35 ವರ್ಷ ಬೇಕಾಯಿತು. ಅಷ್ಟು ಹೊತ್ತಿಗೂ ಒಂದೇ ಒಂದು ಪರಮಾಣುವನ್ನು ಯಾರೂ ಕಣ್ಣಿಂದ ನೋಡಿರಲಿಲ್ಲ. ನೋಡಲು ಸಾಧನವೂ ಇರಲಿಲ್ಲ. ಹಾಗಿದ್ದರೆ ಕೈ ಹಿಡಿದಿದೆ ಅಂತ ಹೇಗೆ ಗೊತ್ತಾಯಿತು? ನನ್ನ ಉತ್ತರ ಒಂದೇ ಮಾತಿನದು. ಎಣಿಸಿದರು. ಹೇಗೆ ಎಣಿಸಿದರು ಅನ್ನುವುದನ್ನು ಕಡಲೆಕಾಳು ಇಟ್ಟುಕೊಂಡು ಆಮೇಲೆ ತೋರಿಸುತ್ತೇನೆ.

ಮೊದಲು ತೊಂದರೆ ಎಲ್ಲಿ ಶುರುವಾಯಿತು ಅಂತ ನೋಡೋಣ.

ನೆಲಕ್ಕೆ ಎಸೆದರೆ ಪಟ್ ಅನ್ನುವ ಪುಟ್ಟ ಕಾಗದದ ಪೊಟ್ಟಣದ ಪಟಾಕಿ ಗೊತ್ತಲ್ವಾ? ಬೆಂಕಿ ಬೇಡ, ಬಿದ್ದರೆ ಸಾಕು. ಅದರೊಳಗಿನ ಮರಳಿಗೆ ಒಂದು ಚೂರು ಸಿಲ್ವರ್ ಫಲ್ಮಿನೇಟ್ ಹಚ್ಚಿರುತ್ತಾರೆ. ತುಂಬ ಮುಂಗೋಪದ ಪದಾರ್ಥ. 1820ರ ದಶಕದಲ್ಲಿ ಜರ್ಮನಿಯ ಯುಸ್ಟಸ್ ಲೀಬಿಗ್ ಇದನ್ನು ಅಳೆದು ತೂಗಿ ನೋಡಿದರು. ಅದೇ ಸಮಯದಲ್ಲಿ ಫ್ರೆಡ್ರಿಕ್ ವೋಲರ್ ಅನ್ನುವ ಇನ್ನೊಬ್ಬ ಯುವಕ ಸಿಲ್ವರ್ ಸೈಯನೇಟ್ ಅನ್ನುವ ಪದಾರ್ಥವನ್ನು ಅಳೆದರು. ಅದು ಸಾಧು. ಹೊಡೆದರೂ ಸಿಡಿಯುವುದಿಲ್ಲ. ಲೆಕ್ಕ ನೋಡಿದರೆ ಎರಡರಲ್ಲೂ ಬೆಳ್ಳಿ, ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಒಂದೇ ಪ್ರಮಾಣದಲ್ಲಿವೆ.

ಲೀಬಿಗ್‌ಗೆ ಇದು ಸರಿಕಾಣಲಿಲ್ಲ. ವೋಲರ್ ಅಳತೆ ತಪ್ಪಿರಬೇಕು ಅಂದರು. ಮತ್ತೆ ತಾವೇ ಮಾಡಿ ನೋಡಿದರು. ವೋಲರ್ ಹೇಳಿದ್ದೇ ಸರಿ. ಇಬ್ಬರೂ ಸರಿ! ಆ ಜಗಳದಿಂದಲೇ ಇಬ್ಬರೂ ಜೀವನಪೂರ್ತಿ ಗೆಳೆಯರಾದರು. ಆಮೇಲೆ 1828ರಲ್ಲಿ ವೋಲರ್ ಅಮೋನಿಯಂ ಸೈಯನೇಟ್ ತಯಾರಿಸಲು ಹೋದಾಗ ಸಿಕ್ಕಿದ್ದು ಯೂರಿಯಾ. ನಮ್ಮ ರೈತರು ಗದ್ದೆಗೆ ಹಾಕುತ್ತಾರಲ್ಲ, ಅದೇ ಯೂರಿಯಾ. ಪ್ರಾಣಿಯ ಮೂತ್ರದಲ್ಲಿ ಮಾತ್ರ ಕಂಡಿದ್ದ ವಸ್ತು ಗಾಜಿನ ಪಾತ್ರೆಯಲ್ಲಿ ಬಂತು ಅಂತ ಪಠ್ಯಪುಸ್ತಕಗಳು ಕೊಂಡಾಡುತ್ತವೆ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಬೇರೆ. ಅಮೋನಿಯಂ ಸೈಯನೇಟ್ ಮತ್ತು ಯೂರಿಯಾ ಎರಡರ ಸಾಮಗ್ರಿಯೂ ಒಂದೇ, ಲೆಕ್ಕವೂ ಒಂದೇ. ವಸ್ತು ಮಾತ್ರ ಬೇರೆ ಬೇರೆ.

1830ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇಂಥ ಜೋಡಿಗಳಿಗೆ ಐಸೋಮರ್ ಅಂತ ಹೆಸರಿಟ್ಟರು. ನಮ್ಮ ಪುಸ್ತಕಗಳಲ್ಲಿ ಸಮಾಂಗಿ ಅನ್ನುತ್ತೇವೆ. ಹೆಸರು ಬಂತು, ಕಾರಣ ಮಾತ್ರ ಬರಲಿಲ್ಲ.

ಕನ್ನಡದಲ್ಲಿ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. 'ನದಿ' ಅಂತ ಬರೆಯಿರಿ. ಅವೇ ಎರಡು ಅಕ್ಷರಗಳನ್ನು ತಿರುಗಿಸಿದರೆ 'ದಿನ'. 'ರಸ' ತಿರುಗಿಸಿದರೆ 'ಸರ'. ಅಕ್ಷರ ಅವೇ, ಅರ್ಥಕ್ಕೂ ಅರ್ಥಕ್ಕೂ ಸಂಬಂಧವೇ ಇಲ್ಲ. ಅಣುವಿನೊಳಗೂ ಹೀಗೇ ಏನೋ ಜೋಡಣೆಯ ವ್ಯತ್ಯಾಸ ಇರಬೇಕು ಅಂತ ಆಗಿನವರಿಗೂ ಹೊಳೆದಿತ್ತು. ಆದರೆ ಕಾಗದದ ಮೇಲಿನ ಅಕ್ಷರ ನಮ್ಮ ಕಣ್ಣಿಗೆ ಕಾಣುತ್ತದೆ. ಅಣುವಿನ ಅಕ್ಷರ ಓದುವುದು ಹೇಗೆ? ಓದಲು ಆಗುವುದೇ ಇಲ್ಲ ಅಂತ ಬಹಳ ಜನ ದೊಡ್ಡವರು ನಂಬಿದ್ದರು. ಫ್ರಾನ್ಸಿನ ಗೆರ್ಹಾರ್ಟ್ ಹೇಳುತ್ತಿದ್ದದ್ದು ಅದನ್ನೇ. ನಾವು ಬರೆಯುವ ಸೂತ್ರ ಒಂದು ವಸ್ತು ಹೇಗೆ ವರ್ತಿಸುತ್ತದೆ ಅನ್ನುವುದಕ್ಕೆ ಗುರುತು ಅಷ್ಟೆ, ಅದರ ಒಳಗಿನ ಚಿತ್ರ ಅಲ್ಲ, ಒಂದೇ ವಸ್ತುವಿಗೆ ಎಷ್ಟು ಸೂತ್ರ ಬೇಕಾದರೂ ಇರಬಹುದು ಅಂತ.

ಇದರಿಂದ ಏನಾಯಿತು ಗೊತ್ತಾ? ವಿನೆಗರ್ ಇದೆಯಲ್ಲ, ಅದರಲ್ಲಿರುವ ಅಸಿಟಿಕ್ ಆಮ್ಲ. ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್. ಎಂಟೇ ಎಂಟು ಪರಮಾಣು. ಆಗ ಬಳಕೆಯಲ್ಲಿದ್ದ ಇದರ ಸೂತ್ರಗಳನ್ನು ಆಗಸ್ಟ್ ಕೆಕುಲೆ 1861ರ ತಮ್ಮ ಪುಸ್ತಕದಲ್ಲಿ ಪಟ್ಟಿ ಮಾಡಿದ್ದಾರೆ. ಒಟ್ಟು 19! ಒಂದು ಬಾಟಲಿ ವಿನೆಗರ್‌ಗೆ 19 ಸೂತ್ರ. ಆ ಪುಟವನ್ನು ನೋಡಿದರೆ ಆ ಕಾಲದ ವಿದ್ಯಾರ್ಥಿಗಳ ಬಗ್ಗೆ ನನಗೆ ನಿಜವಾಗಿಯೂ ಕನಿಕರ ಬರುತ್ತದೆ.

ಇದೇ ಅಸಿಟಿಕ್ ಆಮ್ಲ ಒಂದು ಸುಳಿವನ್ನೂ ಕೊಟ್ಟಿತ್ತು. 1830ರ ದಶಕದ ಕೊನೆಗೆ ಪ್ಯಾರಿಸ್ಸಿನಲ್ಲಿ ಡ್ಯೂಮಾ ಅದಕ್ಕೆ ಕ್ಲೋರಿನ್ ಹಾಯಿಸಿದರು. ಮೂರು ಹೈಡ್ರೋಜನ್ ಎದ್ದುಹೋಗಿ ಆ ಜಾಗದಲ್ಲಿ ಮೂರು ಕ್ಲೋರಿನ್ ಕೂತವು. ಹೊಸ ವಸ್ತು ಆಮ್ಲವಾಗಿಯೇ ಉಳಿಯಿತು. ಕಂಬ ತೊಲೆ ಹಾಗೇ ಇದ್ದು ಹೆಂಚು ಮಾತ್ರ ಬದಲಾಯಿಸಿದ ಹಾಗೆ. ಹಾಗಿದ್ದರೆ ಒಳಗೆ ಕಂಬ ತೊಲೆ ಅಂತ ಏನೋ ಇದೆ ಅಂತಾಯಿತಲ್ಲ. ಇನ್ನೂ ಒಂದು ಮಾತು. ಇದ್ದದ್ದು ನಾಲ್ಕು ಹೈಡ್ರೋಜನ್, ಹೋದದ್ದು ಮೂರು. ನಾಲ್ಕನೆಯದು ಯಾಕೆ ಹೋಗಲಿಲ್ಲ? ಅದು ಕೂತಿರುವ ಜಾಗವೇ ಬೇರೆ ಇರಬೇಕು. ಈ ಪ್ರಶ್ನೆಯನ್ನು ಹಿಡಿದುಕೊಳ್ಳಿ. ಇಡೀ ಕಥೆ ಇದರಲ್ಲೇ ಇದೆ.

ನಡುವೆ ನಡೆದ ಒಂದಿಷ್ಟನ್ನು ಬೇಗ ದಾಟಿಬಿಡುತ್ತೇನೆ. 1852ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲಂಡ್ ಒಂದು ವಿಷಯ ಗಮನಿಸಿದರು. ಪ್ರತಿ ಧಾತುವಿನ ಪರಮಾಣುವಿಗೂ ಹಿಡಿಯುವ ಶಕ್ತಿಗೆ ಒಂದು ಮಿತಿ ಇದೆ, ಎದುರಿಗೆ ಯಾರೇ ಇರಲಿ ಆ ಸಂಖ್ಯೆ ಬದಲಾಗುವುದಿಲ್ಲ ಅಂತ. ಇವತ್ತು ಅದಕ್ಕೆ ವೇಲೆನ್ಸಿ ಅನ್ನುತ್ತೇವೆ. ನಾನು ಕೈ ಅನ್ನುತ್ತೇನೆ. ಹೈಡ್ರೋಜನ್‌ಗೆ ಒಂದು ಕೈ, ಆಕ್ಸಿಜನ್‌ಗೆ ಎರಡು. ಕಾರ್ಬನ್‌ಗೆ ಎಷ್ಟು?

ಈಗ 1858ಕ್ಕೆ ಬರೋಣ.

ಗ್ಲಾಸ್ಗೋ ಹತ್ತಿರ ಕಿರ್ಕಿನ್‌ಟಿಲಕ್ ಅಂತ ಒಂದು ಊರು. ನೇಯ್ಗೆಯವರ ಊರು. ಅಲ್ಲಿ ಹತ್ತಿ ಬಟ್ಟೆ ಗಿರಣಿ ನಡೆಸುತ್ತಿದ್ದ ಮನೆಯಲ್ಲಿ 1831ರಲ್ಲಿ ಒಬ್ಬ ಹುಡುಗ ಹುಟ್ಟಿದ. ಆರ್ಚಿಬಾಲ್ಡ್ ಸ್ಕಾಟ್ ಕೂಪರ್. ಚಿಕ್ಕಂದಿನಿಂದ ಆರೋಗ್ಯ ಅಷ್ಟಕ್ಕಷ್ಟೆ. ಓದಿದ್ದು ಭಾಷೆಗಳು ಮತ್ತು ತತ್ತ್ವಶಾಸ್ತ್ರ, ಗ್ಲಾಸ್ಗೋ ಮತ್ತು ಎಡಿನ್‌ಬರೋದಲ್ಲಿ. ಜರ್ಮನ್ ಕಲಿಯಲು ಬರ್ಲಿನ್‌ಗೆ ಹೋದವರಿಗೆ ಅಲ್ಲಿ ರಸಾಯನಶಾಸ್ತ್ರದ ಹುಚ್ಚು ಹಿಡಿಯಿತು. 1856ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಡಾಲ್ಫ್ ವುರ್ಟ್ಸ್ ಅವರ ಪ್ರಯೋಗಾಲಯ ಸೇರಿದರು. ಬೆಂಜೀನಿಗೆ ಬ್ರೋಮಿನ್ ಸೇರಿಸುವ ಕೆಲಸ ಮಾಡಿದರು. ಸ್ಯಾಲಿಸಿಲಿಕ್ ಆಮ್ಲದ ಮೇಲೆ ಕೆಲಸ ಮಾಡಿದರು. ಎರಡು ವರ್ಷವೂ ತುಂಬುವ ಮೊದಲೇ ಒಂದು ಸಿದ್ಧಾಂತದ ಲೇಖನ ಬರೆದರು.

ಆ ಲೇಖನದಲ್ಲಿ ಕೂಪರ್ ಹೇಳಿದ್ದು ಎರಡು ಮಾತು. ಕಾರ್ಬನ್‌ಗೆ ನಾಲ್ಕು ಕೈ. ಕಾರ್ಬನ್ ಇನ್ನೊಂದು ಕಾರ್ಬನ್‌ನ ಕೈಯನ್ನೂ ಹಿಡಿಯಬಲ್ಲದು. ಇಷ್ಟೆ. ಆದರೆ ಇವೆರಡು ಮಾತಿನಿಂದಲೇ ಸಕ್ಕರೆ, ಎಣ್ಣೆ, ಬಟ್ಟೆ, ಔಷಧಿ, ನಮ್ಮ ಮೈ ಎಲ್ಲದರ ಲೆಕ್ಕವೂ ಶುರುವಾಗುತ್ತದೆ.

ಗೆರ್ಹಾರ್ಟ್ ಅವರ ವಾದವನ್ನು ಕೂಪರ್ ಟೀಕಿಸಿದ ರೀತಿ ನನಗೆ ತುಂಬ ಇಷ್ಟ. ಭಾಷೆ ಓದಿದವರಲ್ಲವೇ, ಪುಸ್ತಕದ ಉದಾಹರಣೆಯನ್ನೇ ತೆಗೆದುಕೊಂಡರು. ಒಂದು ಪುಸ್ತಕದ ಪದಗಳೆಲ್ಲ ಹೇಗೆ ಆಗಿವೆ ಅಂತ ಯಾರಾದರೂ ವಿವರಿಸಲು ಹೊರಟು, ಯಾವುದೋ ಒಂದು ಪದವನ್ನು ಆರಿಸಿಕೊಂಡು, ಮಿಕ್ಕ ಪದಗಳೆಲ್ಲ ಇದರಲ್ಲಿ ಅಕ್ಷರ ಬದಲಾಯಿಸಿ ಆದದ್ದು ಅಂದರೆ ಹೇಗಿರುತ್ತದೆ? ಅದು ವಿವರಣೆಯಾಗುತ್ತದೆಯೇ? ಪದ ಬಿಡಿ, ಅಕ್ಷರಕ್ಕೆ ಹೋಗಿ ಅಂದರು ಕೂಪರ್. ಒಂದೊಂದು ಧಾತುವನ್ನೂ ನೋಡಿ, ಅದು ಯಾವುದನ್ನು ಹಿಡಿಯುತ್ತದೆ, ಎಷ್ಟನ್ನು ಹಿಡಿಯುತ್ತದೆ ನೋಡಿ, ಅಲ್ಲಿಂದ ಮೇಲಕ್ಕೆ ಬನ್ನಿ. ನಾನು ಆಗ ಹೇಳಿದ 'ನದಿ', 'ದಿನ' ಉದಾಹರಣೆ ಅವರಿಂದಲೇ ಹೊಳೆದದ್ದು.

ಯಾವ ಪರಮಾಣು ಯಾವುದನ್ನು ಹಿಡಿದಿದೆ ಅಂತ ತೋರಿಸಲು ಅಕ್ಷರಗಳ ನಡುವೆ ಕೂಪರ್ ಚುಕ್ಕೆಗಳ ಸಾಲು ಹಾಕಿದರು. ಕೆಲವು ಕಡೆ ಸಣ್ಣ ಗೆರೆ. ನಮ್ಮ ಹಲಗೆಯ ಮೇಲಿರುವ ಗೆರೆ ಅದೇ. ಆಗ ಆಕ್ಸಿಜನ್ ಪರಮಾಣುವಿನ ತೂಕದ ಬಗ್ಗೆಯೇ ಒಮ್ಮತ ಇರಲಿಲ್ಲ. ಹೈಡ್ರೋಜನ್‌ನ 8 ಪಟ್ಟು ಅಂತ ಕೆಲವರು, 16 ಪಟ್ಟು ಅಂತ ಕೆಲವರು. ಕೂಪರ್ 8 ಇಟ್ಟುಕೊಂಡಿದ್ದರು. ಹಾಗಾಗಿ ಅವರ ಚಿತ್ರಗಳಲ್ಲಿ ಆಕ್ಸಿಜನ್ ಎಲ್ಲ ಕಡೆ ಜೋಡಿಯಾಗಿ ಬರುತ್ತದೆ. ಒಂದು 'ಓ' ಅಳಿಸಿಬಿಟ್ಟರೆ ಅವರ ಎಷ್ಟೋ ಚಿತ್ರಗಳು ಇವತ್ತಿನ ನೋಟ್ಸಿನಲ್ಲಿ ಇರುವ ಹಾಗೇ ಇವೆ.

ಲೇಖನವನ್ನು ವುರ್ಟ್ಸ್ ಕೈಗೆ ಕೊಟ್ಟು, ಫ್ರೆಂಚ್ ಅಕಾಡೆಮಿಯ ಮುಂದೆ ಇಡಿಸಿಕೊಡಿ ಅಂದರು. ವುರ್ಟ್ಸ್ ಆಗಿನ್ನೂ ಅಕಾಡೆಮಿಯ ಸದಸ್ಯರಾಗಿರಲಿಲ್ಲ. ಸದಸ್ಯರೊಬ್ಬರನ್ನು ಹಿಡಿಯಬೇಕಿತ್ತು. ತಡವಾಯಿತು. ಅಷ್ಟರಲ್ಲಿ, 1858ರ ಮೇ ತಿಂಗಳಲ್ಲಿ, ಜರ್ಮನಿಯ ಪತ್ರಿಕೆಯಲ್ಲಿ ಕೆಕುಲೆ ಅವರ ಲೇಖನ ಬಂದುಬಿಟ್ಟಿತು. ಅದರಲ್ಲೂ ಅವೇ ಎರಡು ಮಾತು. ಕಾರ್ಬನ್‌ಗೆ ನಾಲ್ಕು ಕೈ, ಕಾರ್ಬನ್ ಕಾರ್ಬನ್‌ನ ಕೈ ಹಿಡಿಯುತ್ತದೆ. ಕೂಪರ್ ಲೇಖನವನ್ನು ಡ್ಯೂಮಾ ಅಕಾಡೆಮಿಯ ಮುಂದೆ ಇಟ್ಟದ್ದು ಜೂನ್ 14ಕ್ಕೆ. ಕೆಲವೇ ವಾರಗಳ ವ್ಯತ್ಯಾಸ.

ಕೂಪರ್ ಸಿಟ್ಟಾಗಿ ವುರ್ಟ್ಸ್ ಜೊತೆ ಜಗಳವಾಡಿದರು. ವುರ್ಟ್ಸ್ ಅವರನ್ನು ಪ್ರಯೋಗಾಲಯದಿಂದ ಹೊರಗೆ ಹಾಕಿದರು. ಕೂಪರ್ ಎಡಿನ್‌ಬರೋಗೆ ಬಂದು ಲಯಾನ್ ಪ್ಲೇಫೇರ್ ಅವರ ಕೈಕೆಳಗೆ ಸಹಾಯಕರಾಗಿ ಸೇರಿದರು. 1859ರಲ್ಲಿ ಮನಸ್ಸಿನ ಆರೋಗ್ಯ ಕೆಟ್ಟಿತು. ಮತ್ತೆ ಸರಿಹೋಗಲೇ ಇಲ್ಲ. ಆಗ ಅವರಿಗೆ 28 ವರ್ಷ. ಅಲ್ಲಿಂದ ಮುಂದೆ 30 ವರ್ಷಕ್ಕೂ ಮೇಲ್ಪಟ್ಟು ಹುಟ್ಟೂರಿನಲ್ಲಿ ಅಮ್ಮನ ಆರೈಕೆಯಲ್ಲಿದ್ದರು. ರಸಾಯನಶಾಸ್ತ್ರಕ್ಕೆ ಮತ್ತೆ ಬರಲಿಲ್ಲ.

ಕೂಪರ್ ವಿಷಯಕ್ಕೆ ಕೊನೆಯಲ್ಲಿ ವಾಪಸ್ ಬರುತ್ತೇನೆ.

ಕೆಕುಲೆ ಬಗ್ಗೆ ನೀವೆಲ್ಲ ಕೇಳಿರುತ್ತೀರಿ. ಡಾರ್ಮ್‌ಸ್ಟಾಟ್‌ನಲ್ಲಿ 1829ರಲ್ಲಿ ಹುಟ್ಟಿದವರು. ಗೀಸನ್‌ಗೆ ಹೋದದ್ದು ಕಟ್ಟಡ ವಿನ್ಯಾಸ ಕಲಿಯಲು. ಅಲ್ಲಿ ಲೀಬಿಗ್ ಪಾಠ ಕೇಳಿ ದಾರಿ ಬದಲಾಯಿಸಿದರು. ಮನೆ ಕಟ್ಟಬೇಕಿದ್ದವರು ಅಣು ಕಟ್ಟಿದರು ಅಂತ ಎಲ್ಲರೂ ಬರೆಯುತ್ತಾರೆ. ಅವರೂ ಕಾಗದದ ಮೇಲೆ ಚಿತ್ರ ಹಾಕಿದರು. ಆದರೆ ಗೆರೆಯಲ್ಲ. ಒಂದು ಕಾರ್ಬನ್ ಅಂದರೆ ನಾಲ್ಕು ಉಬ್ಬಿರುವ ಉದ್ದನೆಯ ಆಕಾರ. ನಾಲ್ಕು ಕಾಳಿನ ಅವರೆಕಾಯಿ ಥರ. ಒಂದು ಕಾಯಿಯ ಉಬ್ಬು ಇನ್ನೊಂದರ ಉಬ್ಬಿಗೆ ತಾಗಿದರೆ ಬಂಧ. ಅಣು ಸ್ವಲ್ಪ ದೊಡ್ಡದಾದರೆ ಈ ಚಿತ್ರ ಕಷ್ಟ. ಗೆರೆಯೇ ಗೆದ್ದಿತು.

ಅಂದಹಾಗೆ, ಕೆಕುಲೆಯವರ ಕನಸಿನ ಕಥೆಗಳು. ಲಂಡನ್ನಿನಲ್ಲಿ ರಾತ್ರಿ ಕುದುರೆಗಾಡಿಯ ಬಸ್ಸಿನಲ್ಲಿ ಹೋಗುವಾಗ ಪರಮಾಣುಗಳು ಕೈ ಹಿಡಿದು ಕುಣಿದದ್ದು, ಬೆಲ್ಜಿಯಂನ ಘೆಂಟ್‌ನಲ್ಲಿ ಬೆಂಕಿಯ ಮುಂದೆ ತೂಕಡಿಸುವಾಗ ಹಾವು ತನ್ನ ಬಾಲವನ್ನೇ ಕಚ್ಚಿದ್ದು. ಇವನ್ನು ಅವರು ಹೇಳಿದ್ದು 1890ರ ಮಾರ್ಚ್ 11ರಂದು, ಬರ್ಲಿನ್‌ನಲ್ಲಿ ತಮಗೆ ನಡೆದ ದೊಡ್ಡ ಸನ್ಮಾನದಲ್ಲಿ. ಬೆಂಜೀನ್ ಒಂದು ಸುತ್ತು ಅಂತ ಹೇಳಿದ ಅವರ ಲೇಖನ ಬಂದು ಆಗಲೇ 25 ವರ್ಷ ಆಗಿತ್ತು, ಅದರ ಮಾತು ಮುಂದೆ ಬರುತ್ತದೆ. ಕನಸು ಬಿತ್ತೋ ಇಲ್ಲವೋ ಅಂತ ಪಂಡಿತರು ಇನ್ನೂ ಜಗಳವಾಡುತ್ತಾರೆ. ನನಗೆ ಆ ಜಗಳ ಬೇಡ. ಕನಸು ಕಾಣಿ, ಆದರೆ ಎಚ್ಚರದ ಬುದ್ಧಿಯಿಂದ ಪರೀಕ್ಷಿಸುವ ತನಕ ಅದನ್ನು ಅಚ್ಚು ಹಾಕಿಸಬೇಡಿ ಅಂತ ಅದೇ ಭಾಷಣದಲ್ಲಿ ಅವರೇ ಹೇಳಿದ್ದಾರೆ. ಹಾವನ್ನು ಎಲ್ಲರೂ ನೆನಪಿಟ್ಟುಕೊಂಡರು, ಈ ಮಾತನ್ನು ಬಿಟ್ಟರು.

ಮೂರನೆಯವರು ರಷ್ಯಾದ ಅಲೆಕ್ಸಾಂಡರ್ ಬುಟ್ಲೆರೊವ್. ವೋಲ್ಗಾ ನದಿಯ ಹತ್ತಿರದ ಕಜಾನ್ ವಿಶ್ವವಿದ್ಯಾಲಯದವರು. ಜೇನು ಸಾಕುವುದರಲ್ಲೂ ಹೆಸರು ಮಾಡಿದವರು. 1861ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಸ್ಪೇಯರ್ ಊರಿನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಒಂದು ಪ್ರಬಂಧ ಓದಿದರು. 'ರಾಸಾಯನಿಕ ರಚನೆ' ಅನ್ನುವ ಮಾತನ್ನು ಇವತ್ತಿನ ಅರ್ಥದಲ್ಲಿ ಗಟ್ಟಿಯಾಗಿ ಹೇಳಿದ್ದು ಅಲ್ಲೇ. ಒಂದು ವಸ್ತುವಿಗೆ ಒಂದೇ ರಚನೆ, ಹಾಗಾಗಿ ಒಂದೇ ಸೂತ್ರ. ವಸ್ತುವಿನ ಗುಣ ಆ ರಚನೆಯಿಂದ ಬರುತ್ತದೆ. ಆ ರಚನೆಯನ್ನು ಪ್ರಯೋಗದಿಂದ ಪತ್ತೆ ಹಚ್ಚಬಹುದು. 19 ಸೂತ್ರಗಳ ಪಟ್ಟಿ ಅಚ್ಚಾದ ವರ್ಷವೇ ಒಬ್ಬರು ಎದ್ದು ನಿಂತು ಒಂದೇ ಸಾಕು ಅಂದರು! ಕೆಕುಲೆ ಮತ್ತು ಕೂಪರ್ ಇಟ್ಟಿಗೆ ಕೊಟ್ಟರು, ಇದು ಮನೆಯ ನಕ್ಷೆ, ಇದನ್ನು ನಂಬಬಹುದು ಅಂತ ಹೇಳಿದವರು ಬುಟ್ಲೆರೊವ್. ನನ್ನ ಅಭಿಪ್ರಾಯ ಇದು. ಸೋವಿಯತ್ ಕಾಲದಲ್ಲಿ ಎಲ್ಲ ಶ್ರೇಯಸ್ಸೂ ಅವರೊಬ್ಬರದೇ ಅಂತ ಮಾಡಲು ಹೊರಟರು. ಪಶ್ಚಿಮದ ಪುಸ್ತಕಗಳು ಬಹಳ ಕಾಲ ಅವರ ಹೆಸರನ್ನೇ ಎತ್ತಲಿಲ್ಲ. ಎರಡೂ ಅನ್ಯಾಯ.

ಬುಟ್ಲೆರೊವ್ ಹೇಳಿ ಸುಮ್ನೆ ಕೂರಲಿಲ್ಲ, ಮಾಡಿ ತೋರಿಸಿದರು. ಈಗ ಕಡಲೆಕಾಳು ತೆಗೆಯೋಣ.

ರಾತ್ರಿ ನೆನೆಸಿಟ್ಟ ಕಡಲೆಕಾಳು, ಪೊರಕೆಕಡ್ಡಿಯ ತುಂಡುಗಳು. ಮುಂದಿನ ಸಾಲಿನ ಮಕ್ಕಳಿಗೆ ನಾಲ್ಕು ನಾಲ್ಕು ಕಾಳು ಕೊಟ್ಟಿದ್ದೇನೆ. ಒಂದು ಕಾಳು ಅಂದರೆ ಒಂದು ಕಾರ್ಬನ್, ನಾಲ್ಕು ಕೈ. ನಾಲ್ಕು ಕಾಳನ್ನೂ ಬಿಡದೆ, ಸುತ್ತು ಕಟ್ಟದೆ, ಒಂಟಿ ಕಡ್ಡಿಗಳಿಂದ ಜೋಡಿಸಿ. ಎಷ್ಟು ಥರ ಬರುತ್ತದೆ? ಒಂದು ಹುಡುಗಿ ನಾಲ್ಕನ್ನೂ ಸಾಲಾಗಿ ಚುಚ್ಚಿದ್ದಾಳೆ. ಪಕ್ಕದ ಹುಡುಗ ಮೂರನ್ನು ಸಾಲಾಗಿಟ್ಟು ನಾಲ್ಕನೆಯದನ್ನು ನಡುವಿನ ಕಾಳಿಗೆ ಚುಚ್ಚಿದ್ದಾನೆ. ಬೇರೆ ಯಾರಾದರೂ ಬೇರೆ ಥರ ಮಾಡಿದ್ದೀರಾ? ಅಲ್ಲೊಬ್ಬಳು ಸಾಲನ್ನು ಎಲ್ ಅಕ್ಷರದ ಹಾಗೆ ಬಗ್ಗಿಸಿದ್ದಾಳೆ. ಆದರೆ ಅದು ಸಾಲೇ. ಯಾರು ಯಾರ ಕೈ ಹಿಡಿದಿದ್ದಾರೆ ಅನ್ನುವುದಷ್ಟೇ ಲೆಕ್ಕ. ಹಾಗಾಗಿ ಎರಡೇ ಥರ, ಮೂರನೆಯದು ಇಲ್ಲ.

ಕೈ ಎಣಿಸಿ ನೋಡಿ. ನಾಲ್ಕು ಕಾಳಿಗೆ 16 ಕೈ. ಮೂರು ಕಡ್ಡಿಗೆ ಎರಡೆರಡರಂತೆ 6 ಕೈ ಹೋಯಿತು. ಉಳಿದದ್ದು 10. ಅಷ್ಟಕ್ಕೂ ಹೈಡ್ರೋಜನ್. ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್ ಅಂದರೆ ಬ್ಯುಟೇನ್, ನಮ್ಮ ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿರುವುದು. ಎರಡು ಜೋಡಣೆಯಲ್ಲೂ ಹತ್ತೇ ಉಳಿಯುತ್ತದೆ. ಸಾಮಗ್ರಿ ಒಂದೇ, ವಸ್ತು ಎರಡು. ವೋಲರ್ ಮತ್ತು ಲೀಬಿಗ್ ತಲೆ ಕೆಡಿಸಿಕೊಂಡ ಒಗಟು ಇಷ್ಟೇ ಆಗಿತ್ತು!

ಈಗ ಒಂದು ಹೈಡ್ರೋಜನ್ ತೆಗೆದು ಆ ಜಾಗಕ್ಕೆ ಒಂದು ಆಕ್ಸಿಜನ್-ಹೈಡ್ರೋಜನ್ ಜೋಡಿ ಹಾಕಿ. ಅದು ಮದ್ಯಸಾರದ ಗುರುತು. ಆ ಜೋಡಿಯ ಗುರುತಾಗಿ ಕಡಲೆಕಾಳಿಗೆ ಒಂದು ಹೆಸರುಕಾಳು ಅಂಟಿಸಿ. ಸಾಲಿನಲ್ಲಿ ಎಲ್ಲಿ ಅಂಟಿಸಬಹುದು? ತುದಿಗೆ ಅಥವಾ ಒಳಗೆ. ಎರಡು ಜಾಗ. ಕವಲಿನಲ್ಲಿ? ಯಾವುದಾದರೂ ಒಂದು ತುದಿಗೆ ಅಥವಾ ನಡುವಿಗೆ. ಮತ್ತೆ ಎರಡು. ಒಟ್ಟು ನಾಲ್ಕು. ಹಾಗಿದ್ದರೆ ಈ ಲೋಕದಲ್ಲಿ ನಾಲ್ಕು ಬ್ಯುಟೈಲ್ ಆಲ್ಕೋಹಾಲ್ ಇರಬೇಕು. ಮೂರಲ್ಲ, ಐದಲ್ಲ.

ಕವಲಿನ ನಡುವಿನ ಕಾಳಿಗೆ ಅಂಟಿಸಿದ ವಸ್ತು ಆಗ ಯಾರ ಕೈಯಲ್ಲೂ ಇರಲಿಲ್ಲ. ಬುಟ್ಲೆರೊವ್ ಅದನ್ನು ತಯಾರಿಸಲು ಹೊರಟರು. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಸತುವಿನ ಸಂಯುಕ್ತವೊಂದನ್ನು ಅಸಿಟೈಲ್ ಕ್ಲೋರೈಡ್ ಜೊತೆ ಸೇರಿಸಿ, ಕಾದು, 1860ರ ದಶಕದ ಮೊದಲರ್ಧದಲ್ಲಿ ಅದನ್ನು ಕೈಗೆ ತಂದರು. ಕೆಲವೇ ವರ್ಷಗಳಲ್ಲಿ ನಾಲ್ಕೂ ಸಿಕ್ಕವು. ಈ ಲೆಕ್ಕದಲ್ಲಿ ಐದನೆಯದು ಇವತ್ತಿಗೂ ಸಿಕ್ಕಿಲ್ಲ. ಬುಟ್ಲೆರೊವ್ ತಯಾರಿಸಿದ ಆ ಟರ್ಷಿಯರಿ ಬ್ಯುಟೈಲ್ ಆಲ್ಕೋಹಾಲ್ ನಮ್ಮ ಡಿಗ್ರಿ ಲ್ಯಾಬಿನಲ್ಲೂ ಇರುತ್ತಿತ್ತು. ಡಿಸೆಂಬರ್ ಬೆಳಿಗ್ಗೆ ಕಪಾಟು ತೆಗೆದರೆ ಬಾಟಲಿಯೊಳಗೆ ತೆಂಗಿನೆಣ್ಣೆ ಥರ ಗಟ್ಟಿಯಾಗಿ ಕೂತಿರುತ್ತಿತ್ತು. ಅದು ಕರಗುವುದು ಸುಮಾರು 25 ಡಿಗ್ರಿಗೆ. ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿ ಮಕ್ಕಳಿಗೆ ಕೊಡಬೇಕಿತ್ತು. ಪಕ್ಕದಲ್ಲೇ ಅದರ ಸೋದರ, ಸಾಲಿನ ತುದಿಗೆ ಅಂಟಿಸಿದ್ದು, ನೀರಿನ ಹಾಗೆ ತಣ್ಣಗೆ ಅಲುಗಾಡುತ್ತಿರುತ್ತಿತ್ತು. ಒಂದೇ ಸಾಮಗ್ರಿ, ಒಂದೇ ಕಪಾಟು. ಒಂದು ಹೆಸರುಕಾಳಿನ ಜಾಗ ಬದಲಾದದ್ದಕ್ಕೆ ಒಂದು ಗಟ್ಟಿ, ಒಂದು ನೀರು. ಆ ಬಾಟಲಿಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಸಿದ್ಧಾಂತವನ್ನೇ ಹಿಡಿದ ಹಾಗೆ ಅನಿಸುತ್ತಿತ್ತು.

ಕಾಳು ಜಾಸ್ತಿಯಾದರೆ? ಹತ್ತು ಕಾಳಿಗೆ 75 ಥರ. ಇಪ್ಪತ್ತು ಕಾಳಿಗೆ 3,66,319. ಕಡಲೆಕಾಳು ಸಾಲುವುದಿಲ್ಲ. ಈ ಎಣಿಕೆಗೆ 1870ರ ದಶಕದಲ್ಲಿ ಗಣಿತದ ಆರ್ಥರ್ ಕೇಲಿ ಕೈ ಹಾಕಿದರು. ಕೇಲಿಯವರ ಗೆಳೆಯ ಸಿಲ್ವೆಸ್ಟರ್ 1878ರಲ್ಲಿ ಈ ರಾಸಾಯನಿಕ ಚಿತ್ರಗಳನ್ನು ನೋಡಿಯೇ 'ಗ್ರಾಫ್' ಅನ್ನುವ ಪದವನ್ನು ಗಣಿತಕ್ಕೆ ತಂದರು. ಇಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರು ಇದ್ದೀರಲ್ಲ? ನೀವು ಓದುವ ಗ್ರಾಫ್ ಥಿಯರಿಯ ಹೆಸರಿನ ತವರುಮನೆ ರಸಾಯನಶಾಸ್ತ್ರ.

ಗೆರೆಯ ಪ್ರಚಾರಕ್ಕೆ ಇನ್ನಿಬ್ಬರು ಕಾರಣ. ಎಡಿನ್‌ಬರೋದ ಅಲೆಕ್ಸಾಂಡರ್ ಕ್ರಮ್ ಬ್ರೌನ್ 1864ರ ಹೊತ್ತಿಗೆ ವೃತ್ತದೊಳಗೆ ಅಕ್ಷರ, ವೃತ್ತಗಳ ನಡುವೆ ಗೆರೆ ಅಂತ ಅಚ್ಚುಕಟ್ಟಾಗಿ ಬರೆದರು. 1865ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಂಜೆಯ ಉಪನ್ಯಾಸದಲ್ಲಿ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಅವರು ಕ್ರೋಕೆ ಆಟದ ಮರದ ಚೆಂಡುಗಳನ್ನು ಕಡ್ಡಿಗಳಿಂದ ಜೋಡಿಸಿ ಸಭೆಗೆ ತೋರಿಸಿದರು. ಕಾರ್ಬನ್‌ಗೆ ಕಪ್ಪು, ಹೈಡ್ರೋಜನ್‌ಗೆ ಬಿಳಿ, ಆಕ್ಸಿಜನ್‌ಗೆ ಕೆಂಪು, ನೈಟ್ರೋಜನ್‌ಗೆ ನೀಲಿ, ಕ್ಲೋರಿನ್‌ಗೆ ಹಸಿರು. ಇವತ್ತು ಶಾಲೆಯ ಮಾಡೆಲ್ ಡಬ್ಬಿ ತೆರೆದರೂ ಇದೇ ಬಣ್ಣಗಳು. ಚೆಂಡುಗಳ ಆ ಸಂಜೆಯ ಮುಂದೆ ನನ್ನ ಕಡಲೆಕಾಳು ತೀರಾ ಸಣ್ಣದು, ಆದರೆ ಜಾತಿ ಒಂದೇ.

ಇನ್ನು ಬೆಂಜೀನ್. ಆರು ಕಾರ್ಬನ್, ಆರೇ ಹೈಡ್ರೋಜನ್. ಕಾಳು ಜೋಡಿಸಿ ನೋಡಿ, ಕೈ ಲೆಕ್ಕ ಸರಿಹೊಂದುವುದೇ ಇಲ್ಲ, ತುಂಬ ಕೈ ಖಾಲಿ ಉಳಿಯುತ್ತವೆ. 1865ರಲ್ಲಿ ಕೆಕುಲೆ ಸಾಲನ್ನು ಬಾಗಿಸಿ ಎರಡು ತುದಿಯನ್ನೂ ಸೇರಿಸಿ ಸುತ್ತು ಮಾಡಿದರು, ಒಂದು ಬಿಟ್ಟು ಒಂದು ಜೋಡಿ ಗೆರೆ ಹಾಕಿದರು. ಆದರೆ ಸುತ್ತು ಅನ್ನುವುದಕ್ಕೆ ಸಾಕ್ಷಿ ಏನು? ಆ ಸಾಕ್ಷಿಯನ್ನು ತಂದವರು ಕೆಕುಲೆಯವರ ಜೊತೆ ಘೆಂಟ್‌ನಲ್ಲಿ ಕೆಲಸ ಮಾಡಿ, ಆಮೇಲೆ ಇಟಲಿಗೆ ಹೋಗಿ ನೆಲೆಸಿದ ವಿಲ್‌ಹೆಲ್ಮ್ ಕೋರ್ನರ್. ಇದು ನನಗೆ ಇಡೀ ಕಥೆಯಲ್ಲಿ ಅತಿ ಪ್ರಿಯವಾದ ಭಾಗ. ನಿಧಾನವಾಗಿ ಹೇಳುತ್ತೇನೆ.

ರಂಗೋಲಿಗೆ ಇಡುವ ಹಾಗೆ ಸುತ್ತಲೂ ಆರು ಚುಕ್ಕೆ ಇಡಿ. ಎರಡು ಚುಕ್ಕೆಗೆ ಕುಂಕುಮ ಇಡಬೇಕು. ಕುಂಕುಮ ಅಂದರೆ ಬ್ರೋಮಿನ್. ಎಷ್ಟು ಥರ ಇಡಬಹುದು? ಅಕ್ಕಪಕ್ಕ. ಒಂದು ಬಿಟ್ಟು ಒಂದು. ಎದುರುಬದುರು. ಮೂರೇ. ಪ್ರಯೋಗಾಲಯದಲ್ಲೂ ಎರಡು ಬ್ರೋಮಿನ್ ಇರುವ ಬೆಂಜೀನ್ ಮೂರೇ ಸಿಗುತ್ತವೆ. ಒಂದು ಗಟ್ಟಿ, ಕರಗಲು 87 ಡಿಗ್ರಿಗೂ ಮೇಲೆ ಬೇಕು. ಇನ್ನೆರಡು ನಮ್ಮ ಹವೆಯಲ್ಲಿ ದ್ರವ. ಆದರೆ ಯಾವ ಬಾಟಲಿ ಯಾವ ಚಿತ್ರ? ಕಣ್ಣಿಗಂತೂ ಕಾಣುವುದಿಲ್ಲ.

ಕೋರ್ನರ್ ಮೂರನೆಯ ಕುಂಕುಮ ಇಟ್ಟು ನೋಡಿದರು. ಎದುರುಬದುರು ಇರುವ ಚಿತ್ರಕ್ಕೆ ಮೂರನೆಯದನ್ನು ಎಲ್ಲಿ ಇಟ್ಟರೂ ಒಂದೇ ಥರದ ಚಿತ್ರ ಬರುತ್ತದೆ. ಇಟ್ಟು ನೋಡಿ, ಹಾಳೆ ತಿರುಗಿಸಿ ನೋಡಿ. ಅಕ್ಕಪಕ್ಕದ ಚಿತ್ರದಿಂದ ಎರಡು ಥರ ಬರುತ್ತದೆ. ಒಂದು ಬಿಟ್ಟು ಒಂದರ ಚಿತ್ರದಿಂದ ಮೂರು ಥರ. ಒಂದು, ಎರಡು, ಮೂರು. ಈಗ ಬಾಟಲಿಯ ಹತ್ತಿರ ಹೋಗಿ. ಒಂದೊಂದು ಬಾಟಲಿಯ ವಸ್ತುವಿಗೂ ಇನ್ನೊಂದು ಬ್ರೋಮಿನ್ ಸೇರಿಸಿ, ಎಷ್ಟು ಬೇರೆ ಬೇರೆ ವಸ್ತು ಬರುತ್ತದೆ ಎಣಿಸಿ. ಒಂದೇ ಬಂದರೆ ಎದುರುಬದುರು, ಎರಡು ಬಂದರೆ ಅಕ್ಕಪಕ್ಕ, ಮೂರು ಬಂದರೆ ಒಂದು ಬಿಟ್ಟು ಒಂದು. ಮುಗಿಯಿತು! ಗಟ್ಟಿಯಾಗಿದ್ದದ್ದು ಒಂದನ್ನೇ ಕೊಟ್ಟಿತು. ಅದು ಎದುರುಬದುರು.

ಹೇಳುವುದಕ್ಕೆ ಎರಡು ನಿಮಿಷ. ಕೋರ್ನರ್ ಇದನ್ನು ವರ್ಷಗಟ್ಟಲೆ ಮಾಡಿದರು. ಭಟ್ಟಿ ಇಳಿಸಿ, ಹರಳುಗಟ್ಟಿಸಿ, ಬೆರಕೆ ಬೇರ್ಪಡಿಸಿ, ಒಂದೊಂದರ ಕರಗುವ ಬಿಸಿ ಅಳೆದು. 1874ರಲ್ಲಿ ಪೂರ್ತಿ ಪ್ರಕಟಿಸಿದರು. ಒಂದೇ ಒಂದು ಅಣುವನ್ನೂ ನೋಡದೆ, ಅದರ ಮೂಲೆ ಮೂಲೆಯಲ್ಲಿ ಏನಿದೆ ಅಂತ ಬಾಟಲಿಗಳನ್ನು ಎಣಿಸಿ ಹೇಳಿದರು. ಅದೇ ವರ್ಷ ಹಾಲೆಂಡಿನಲ್ಲಿ 22 ವರ್ಷದ ವಾಂಟ್ ಹಾಫ್, ಪ್ಯಾರಿಸ್ಸಿನಲ್ಲಿ ಲೆ ಬೆಲ್, ಕಾರ್ಬನ್‌ನ ನಾಲ್ಕು ಕೈ ಹಾಳೆಯ ಮೇಲೆ ಚಪ್ಪಟೆಯಾಗಿಲ್ಲ, ನಾಲ್ಕು ದಿಕ್ಕಿಗೆ ಚಾಚಿವೆ ಅಂದರು. ಅದೂ ಐಸೋಮರ್ ಎಣಿಸಿಯೇ ತಿಳಿದದ್ದು. ಅದನ್ನು ಇನ್ನೊಂದು ಭಾನುವಾರ ಹೇಳುತ್ತೇನೆ.

ಕಣ್ಣಾರೆ ನೋಡಿದ್ದು ಬಹಳ ತಡವಾಗಿ. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಕ್ಸ್‌ರೇ ಬಳಸಿ ಬೆಂಜೀನಿನ ಸುತ್ತು ಚಪ್ಪಟೆಯಾದ ಆರು ಮೂಲೆಯದು ಅಂತ ತೋರಿಸಿದರು. 2009ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದವರು ಪೆಂಟಾಸೀನ್ ಅನ್ನುವ ಒಂದೇ ಒಂದು ಅಣುವಿನ ಚಿತ್ರ ತೆಗೆದರು. ಜೇನುಗೂಡಿನ ಕೋಣೆಗಳ ಹಾಗೆ ಐದು ಸುತ್ತು ಸಾಲಾಗಿ, ನಡುವೆ ಗೆರೆಗಳು. ನಾವು ನೋಟ್ಸಿನಲ್ಲಿ ಬರೆಯುವ ಹಾಗೆಯೇ. ಆ ಚಿತ್ರವನ್ನು ಮೊದಲ ಸಲ ನೋಡಿದ ದಿನ ನನಗೆ ಕಣ್ಣಲ್ಲಿ ನೀರು ಬಂತು.

ಈಗ ಕೂಪರ್.

ಅವರು ಪ್ಯಾರಿಸ್ಸಿನಲ್ಲಿ ಸ್ಯಾಲಿಸಿಲಿಕ್ ಆಮ್ಲವನ್ನು ಫಾಸ್ಫರಸ್ ಪೆಂಟಾಕ್ಲೋರೈಡ್ ಜೊತೆ ಸೇರಿಸಿ ಒಂದು ವಸ್ತು ಸಿಕ್ಕಿತು ಅಂತ ಬರೆದಿದ್ದರು. ಕೆಕುಲೆ ಮಾಡಿ ನೋಡಿದರು, ಬರಲಿಲ್ಲ. ಜರ್ಮನಿಯ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಕೋಲ್ಬೆಗೂ ಬರಲಿಲ್ಲ. ಇಂಥ ದೊಡ್ಡವರಿಗೇ ಬರಲಿಲ್ಲ ಅಂದ ಮೇಲೆ ಕೂಪರ್ ಮಾತನ್ನು ಯಾರು ನಂಬುತ್ತಾರೆ? 1885ರಲ್ಲಿ ರಿಚರ್ಡ್ ಆನ್ಶುಟ್ಸ್ ಅದನ್ನು ಎಚ್ಚರಿಕೆಯಿಂದ ಮತ್ತೆ ಮಾಡಿದರು. ಬಂತು. ಕೂಪರ್ ಸರಿಯಾಗಿಯೇ ಬರೆದಿದ್ದರು. ಆಗ ಕೂಪರ್ ಕಿರ್ಕಿನ್‌ಟಿಲಕ್‌ನಲ್ಲಿ ಬದುಕಿದ್ದರು. 54 ವರ್ಷ.

ಆನ್ಶುಟ್ಸ್ ಕೆಕುಲೆಯವರ ಶಿಷ್ಯರು, ಆಮೇಲೆ ಬಾನ್ ವಿಶ್ವವಿದ್ಯಾಲಯದಲ್ಲಿ ಅವರದೇ ಪೀಠಕ್ಕೆ ಬಂದವರು. ಗುರುವಿನ ಜೀವನಚರಿತ್ರೆ ಬರೆಯಲು ಹಳೆಯ ಪತ್ರಿಕೆಗಳನ್ನು ತಿರುವುವಾಗ 1858ರ ಆ ಸಿದ್ಧಾಂತದ ಲೇಖನ ಅವರ ಕಣ್ಣಿಗೆ ಬಿತ್ತು. ನಾಲ್ಕು ಕೈ, ಕಾರ್ಬನ್ ಸರಪಳಿ, ಗೆರೆಗಳು. ಇದನ್ನು ಬರೆದವರು ಯಾರು, ಎಲ್ಲಿ ಹೋದರು? ಗುರುವಿನ ಕೀರ್ತಿಗೆ ಪಾಲುದಾರ ಸಿಕ್ಕಿದಾಗ ಪುಟ ಮಗುಚಿ ಮುಂದೆ ಹೋಗಬಹುದಿತ್ತು. ಆನ್ಶುಟ್ಸ್ ಸ್ಕಾಟ್ಲೆಂಡಿಗೆ ಕಾಗದ ಬರೆದು ವಿಚಾರಿಸಿದರು. ವೃತ್ತ ಮತ್ತು ಗೆರೆಯ ಕ್ರಮ್ ಬ್ರೌನ್ ಅಷ್ಟು ಹೊತ್ತಿಗೆ ವಯಸ್ಸಾದವರು, ಅವರೂ ನೆರವಾದರು. ಕೂಪರ್ 1892ರ ಮಾರ್ಚ್ 11ರಂದು ತೀರಿಕೊಂಡಿದ್ದರು. ಬರ್ಲಿನ್‌ನಲ್ಲಿ ಕೆಕುಲೆಗೆ ಸನ್ಮಾನ ನಡೆದು ಸರಿಯಾಗಿ ಎರಡು ವರ್ಷಕ್ಕೆ, ಅದೇ ತಾರೀಕು. 1909ರಲ್ಲಿ ಆನ್ಶುಟ್ಸ್ ಕೂಪರ್ ಅವರ ಜೀವನ ಮತ್ತು ಕೆಲಸದ ಬಗ್ಗೆ ಉದ್ದನೆಯ ಲೇಖನ ಪ್ರಕಟಿಸಿದರು. ನಮಗೆ ಇವತ್ತು ಕೂಪರ್ ಬಗ್ಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಅಲ್ಲಿಂದ ಬಂದದ್ದು.

ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಅವರು ಎಳೆದ ಗೆರೆ ಹೇಗಿತ್ತು?" ಹಲಗೆಯ ಮೇಲಿದ್ದ ಗೆರೆಯನ್ನು ಅಳಿಸಿದೆ. ಎರಡು 'ಸಿ'ಗಳ ನಡುವೆ, ಅದೇ ಜಾಗದಲ್ಲಿ, ಕೂಪರ್ ಅಚ್ಚು ಹಾಕಿಸಿದ ಹಾಗೆ ಚುಕ್ಕೆಗಳನ್ನು ಇಟ್ಟೆ. ಆ ಹುಡುಗಿ ಅದನ್ನು ಹಾಗೇ ತನ್ನ ನೋಟ್‌ಬುಕ್ಕಿಗೆ ಬರೆದುಕೊಂಡಳು. ಕೆಳಗೆ ಹೆಸರು ಬರೆದು, 1858 ಅಂತ ಹಾಕಿದಳು.